ಒಂದೇ ಹೆಸರಿನ ನಲವತ್ತೊಂದು ಮಕ್ಕಳು

ಜನನ-ಮರಣ ನೋಂದಣಿ ವಿಭಾಗದ ಎರಡನೇ ಕಿಟಕಿಯಲ್ಲಿ ಕೂರುವ ಗುಮಾಸ್ತೆಯ ಸ್ವಂತ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಬೇರೆ ಯಾರಿಗೂ ಬೇಕಿರಲಿಲ್ಲ. ಊರಿಗೆಲ್ಲ ಅವಳು ಹೆಸರಕ್ಕ. ಮೂವತ್ತು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ, ಕಿಟಕಿಯಾಚೆ ಬೆಂಚಿನ ಮೇಲೆ ಕೂಸು ಎತ್ತಿಕೊಂಡು ಕೂತ ಅದೇ ಥರದ ಅಪ್ಪ-ಅಮ್ಮ.

ಈ ಅಪ್ಪ-ಅಮ್ಮಂದಿರ ವಿಷಯ ಕೇಳಬೇಡಿ. ಎಲ್ಲರಿಗೂ ಬೇಕಾದದ್ದು ಅಪರೂಪದ ಹೆಸರು. ಹೆಸರು ಅಂಗೈಯಷ್ಟಿರಬೇಕು, ಅರ್ಥ ಆಕಾಶದಷ್ಟಿರಬೇಕು, ಊರಲ್ಲಿ ಇನ್ನೊಬ್ಬನಿಗೆ ಇರಬಾರದು, ಅತ್ತೆಗೂ ಒಪ್ಪಿಗೆಯಾಗಬೇಕು. ಹೆಸರಕ್ಕ ಕನ್ನಡಕ ಮೇಲೇರಿಸಿ, "ಇದಾ? ಇದು ಹಡಗಿನವರ ಮಾತಿಂದ ಬಂದಿದ್ದು, ದಿಕ್ಕು ಅಂತ ಅರ್ಥ. ನಮ್ಮೂರಲ್ಲಿ ಇಬ್ಬರಿದಾರೆ. ಒಬ್ಬ ಹಲ್ಲಿನ ಡಾಕ್ಟರ ಮಗ, ಸ್ವಲ್ಪ ತಂಟೆಕೋರ" ಎಂದು ಪುಸ್ತಕ ನೋಡದೆಯೇ ಹೇಳುತ್ತಿದ್ದಳು. ಅರ್ಥ, ಮೂಲ, ಎಷ್ಟು ಜನರಿಗಿದೆ, ಮೂರೂ ಅವಳ ನಾಲಿಗೆ ತುದಿಯಲ್ಲಿದ್ದವು. ಕ್ಷೀರಸಾಗರ ಅಂತ ಹೆಸರಿಟ್ಟುಕೊಂಡು ಮಜ್ಜಿಗೆಗೆ ಪರದಾಡುವವರನ್ನು ಅವಳಷ್ಟು ನೋಡಿದವರು ಇನ್ನೊಬ್ಬರಿಲ್ಲ.

ಆ ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಯಾವ ಸರಕಾರಿ ಆದೇಶದಲ್ಲೂ ಇಲ್ಲ, ಹಳೇ ಹೆಡ್ ಕ್ಲರ್ಕ್ ಹಾಕಿಕೊಟ್ಟದ್ದು. ಮಗುವಿನ ಹೆಸರು ಬರೆದ ಮೇಲೆ ಇಂಥವರ ಮಗ ಇಂಥವನು ಎಂದು ಮೂರು ಸಲ ಗಟ್ಟಿಯಾಗಿ ಓದಬೇಕು. ಅಪ್ಪ-ಅಮ್ಮ ಮೂರು ಸಲವೂ ಹೌದು ಅನ್ನಬೇಕು. ಆಮೇಲೆಯೇ ಸೀಲು. "ಬರೆದಿದ್ದು ಹೆಸರಲ್ಲಮ್ಮ, ಕರೆದಿದ್ದು ಹೆಸರು" ಅನ್ನುತ್ತಿದ್ದರು ಹೆಡ್ ಕ್ಲರ್ಕ್. ಮರಣದ ಪುಸ್ತಕಕ್ಕೆ ಮಾತ್ರ ಈ ಓದುವ ಪದ್ಧತಿಯಿರಲಿಲ್ಲ. ಸತ್ತವರನ್ನು ಮೂರು ಸಲ ಯಾರು ಕರೆಯುತ್ತಾರೆ?

ಹೆಸರಕ್ಕ ಆ ಕಚೇರಿಗೆ ಮೊದಲು ಬಂದದ್ದು ಗುಮಾಸ್ತೆಯಾಗಿ ಅಲ್ಲ, ತಾಯಿಯಾಗಿ. ಚೊಚ್ಚಲ ಮಗ ಆರನೇ ದಿನ ತೀರಿಕೊಂಡಿದ್ದ. ಹೆಡ್ ಕ್ಲರ್ಕ್ ಎಲ್ಲ ಕಾಲಂ ತುಂಬಿ ಹೆಸರಿನ ಕಾಲಂಗೆ ಬಂದು, "ಹೆಸರು ಇಟ್ಟಿರ್ಲಿಲ್ವಲ್ಲಮ್ಮ, ಗೀಟು ಹಾಕ್ತೀನಿ" ಎಂದು ಸ್ಕೇಲಿಟ್ಟು ಒಂದು ಗೀಟೆಳೆದರು. ಕೆಟ್ಟ ಮನುಷ್ಯನಲ್ಲ, ಕೆಲಸ ಹಾಗೆ. ಆದರೆ ಹೆಸರು ಇತ್ತು. ಬಸುರಿಯಾಗಿದ್ದಾಗ ಬಟ್ಟೆ ಒಗೆಯುತ್ತ ಒಗೆಯುತ್ತ ಅವಳ ಬಾಯಿಗೆ ತಾನಾಗಿ ಬಂದ ಮೂರಕ್ಷರ, ಯಾವ ಭಾಷೆಯದ್ದೂ ಅಲ್ಲದ್ದು. ಉಳಿಯುವವನು ಅಂತ ಅರ್ಥವನ್ನೂ ಅವಳೇ ಕೊಟ್ಟುಕೊಂಡಿದ್ದಳು. ಗಂಡನ ಹತ್ತಿರ ಕೂಡ ಹೇಳಿರಲಿಲ್ಲ. ಏಳನೇ ದಿನ, ಹೆಸರಿಡುವಾಗ, ಹೇಳಿದರಾಯಿತು ಅಂದುಕೊಂಡಿದ್ದಳು.

ಎರಡು ವರ್ಷದ ಮೇಲೆ ಪರೀಕ್ಷೆ ಕಟ್ಟಿ ಅದೇ ಕಚೇರಿಗೆ ನೌಕರಿಗೆ ಬಂದಳು. ಮೊದಲ ದಿನ ಊಟದ ಹೊತ್ತಿನಲ್ಲಿ ಎಲ್ಲರೂ ಎದ್ದುಹೋದಾಗ ಮರಣದ ಪುಸ್ತಕ ತೆರೆದು, ಆ ಗೀಟಿನ ಮೇಲೆ ಪೆನ್ಸಿಲಿನಲ್ಲಿ, ಸಣ್ಣಗೆ, ಆ ಹೆಸರು ಬರೆದಳು. ಬರೆದಳೇ ಹೊರತು ಓದಲಿಲ್ಲ. ಬಾಯಿ ತೆರೆದರೆ ಅಳು ಬರುತ್ತಿತ್ತು.

ಅಲ್ಲಿಗೆ ಮುಗಿದಿದ್ದರೆ ಈ ಕಥೆಯಿರುತ್ತಿರಲಿಲ್ಲ. ಆದರೆ ಹೆಸರಿಡುವ ಮುಂಚೆ ಹೋದ ಕೂಸುಗಳು ವರ್ಷಕ್ಕೆ ಎರಡೋ ಮೂರೋ ಬರುತ್ತಿದ್ದವು, ಪ್ರತಿಯೊಂದಕ್ಕೂ ಅವಳೇ ಗೀಟು ಎಳೆಯಬೇಕಿತ್ತು. ಎಳೆಯಲು ಕೈ ಬರುತ್ತಿರಲಿಲ್ಲ. ಹೆಣ್ಣು ಕೂಸಾದರೆ ಗೀಟಿನ ಮೇಲೆ ಪೆನ್ಸಿಲಿನಲ್ಲಿ ಒಂದು ಹೂವಿನ ಹೆಸರು ಬರೆಯುತ್ತಿದ್ದಳು, ಒಂದಕ್ಕಿದ್ದ ಹೂವು ಇನ್ನೊಂದಕ್ಕಿಲ್ಲ. ಗಂಡು ಕೂಸಾದರೆ ಮಾತ್ರ ಕೈ ಬೇರೆ ಹೆಸರೇ ಬರೆಯುತ್ತಿರಲಿಲ್ಲ. ಅದೇ ಮೂರಕ್ಷರ. ಮೂವತ್ತು ವರ್ಷದಲ್ಲಿ ಅವಳ ಮಗನೂ ಸೇರಿ ನಲವತ್ತೊಂದು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಿಮ್ಮಲ್ಲಿ ಯಾರಾದರೂ ಗಟ್ಟಿಯಾಗಿ ಓದುತ್ತೀರಿ, ಆಮೇಲೆ ನನ್ನನ್ನು ಬೈಯುತ್ತೀರಿ.

ಎರಡು ವರ್ಷದ ಹಿಂದೆ ಹಳೇ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಹುಕುಂ ಬಂತು. ಗುತ್ತಿಗೆಯ ಹುಡುಗಿಯರು ಬಂದು, ಕಣ್ಣಿಗೆ ಕಂಡದ್ದನ್ನೆಲ್ಲ ಟೈಪ್ ಮಾಡಿ ಹೋದರು. ಪೆನ್ಸಿಲು ಯಾವುದು, ಶಾಯಿ ಯಾವುದು ಎಂದು ಅವರೇಕೆ ನೋಡುತ್ತಾರೆ? ಆ ಪಟ್ಟಿ ಹೇಗೋ ಹೊರಗೆ ಸೋರಿ, ಮಕ್ಕಳ ಹೆಸರು ಹುಡುಕಿಕೊಡುವ ಜಾಲತಾಣವೊಂದಕ್ಕೆ ಸೇರಿತು. ಒಂದು ಬೆಳಿಗ್ಗೆ ಹೊಲಿಗೆ ಅಂಗಡಿಯವಳೂ ಅವಳ ಗಂಡನೂ ಕೂಸಿನೊಂದಿಗೆ ಬಂದು, ಫೋನನ್ನು ಕಿಟಕಿಯೊಳಗೆ ಚಾಚಿದರು.

"ಅಕ್ಕಾ, ಈ ಹೆಸರು ಸಿಕ್ಕಿದೆ ನೋಡಿ. ನಿಮಗೂ ಗೊತ್ತಿರಲಿಕ್ಕಿಲ್ಲ!"

ಹೆಸರಕ್ಕ ನೋಡಿದಳು. ಅವಳ ಅದೇ ಮೂರಕ್ಷರ. ಅಪರೂಪದ ಗಂಡು ಹೆಸರು, ಎಂದಿತ್ತು. ಮೂಲ: ತಿಳಿದಿಲ್ಲ. ಬಳಕೆ: ಒಂದೇ ಊರಿನಲ್ಲಿ ನಲವತ್ತೊಂದು. ಅರ್ಥ: ಕರೆದಾಗ ಬರುವವನು.

ಅವಳು ಕೊಟ್ಟ ಅರ್ಥ ಅದಲ್ಲ. ಅವಳು ಅರ್ಥವನ್ನು ಎಲ್ಲೂ ಬರೆದಿರಲಿಲ್ಲ, ಹಾಗಾಗಿ ಅದನ್ನು ಬದಲಾಯಿಸಿದವರು ಯಾರು ಎಂಬುದು ಅವಳಿಗೆ ಹೊಳೆಯಲಿಲ್ಲ.

"ಬೇರೆ ನೋಡೋಣ್ವಾ? ಇದು ಅಷ್ಟು ಚೆನ್ನಾಗಿಲ್ಲ" ಎಂದಳು. ಹೊಲಿಗೆಯವಳು ಒಪ್ಪಲಿಲ್ಲ. ಹೋದ ವಾರದಿಂದ ಮಗುವನ್ನು ಹಾಗೇ ಕರೆಯುತ್ತಿದ್ದಾರಂತೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೆಸರಕ್ಕ ಬರೆದಳು. ಬರೆದ ಮೇಲೆ ಓದಲೇಬೇಕು. ಮೂವತ್ತೆರಡು ವರ್ಷ ಬಾಯೊಳಗೇ ಇಟ್ಟುಕೊಂಡಿದ್ದ ಹೆಸರನ್ನು ಮೊದಲ ಸಲ ಗಟ್ಟಿಯಾಗಿ ಕರೆದಳು.

ಅವಳ ಬೆನ್ನ ಹಿಂದೆ, ರೆಕಾರ್ಡ್ ರೂಮಿನ ಮುಚ್ಚಿದ ಬಾಗಿಲಾಚೆಯಿಂದ, "ಹೂಂ" ಎಂದಂತಾಯಿತು.

ಎರಡನೇ ಸಲ ಓದಿದಾಗ ಅದು ಒಂದೇ ದನಿಯಾಗಿರಲಿಲ್ಲ. ಮೂರನೇ ಸಲಕ್ಕೆ, ಸಾಲಾಗಿ ಮಲಗಿಸಿದ ಕೂಸುಗಳೆಲ್ಲ ಒಟ್ಟಿಗೆ ಎಚ್ಚರಗೊಂಡು ಉಸಿರೆಳೆದುಕೊಂಡ ಹಾಗೆ ಕೇಳಿಸಿತು. ಬೆಂಚಿನ ಮೇಲಿದ್ದ ದೊಡ್ಡವರು ಯಾರೂ ತಲೆಯೆತ್ತಲಿಲ್ಲ. ಅವರ ತೊಡೆಯ ಮೇಲಿದ್ದ ಮೂರು ಕೂಸುಗಳು ಮಾತ್ರ ಕತ್ತು ಹೊರಳಿಸಿ ಆ ಬಾಗಿಲನ್ನೇ ನೋಡುತ್ತಿದ್ದವು. ಫೈಲು ಹೊತ್ತು ತರುತ್ತಿದ್ದ ಜವಾನ ನಿಂತುಬಿಟ್ಟ.

"ಅಕ್ಕಾ, ಒಳಗೆ ಬೆಕ್ಕು ಮರಿ ಹಾಕಿದೆಯಾ?"

"ಇರಬೇಕು" ಎಂದಳು ಹೆಸರಕ್ಕ. ಒತ್ತಿದ ಸೀಲಿನ ಗುರುತು ಸೊಟ್ಟಗೆ ಬಿತ್ತು.

ಜವಾನ ಒಂದು ವಾರ ಬೆಕ್ಕು ಹುಡುಕಿದ. ಆಮೇಲೆ ರೆಕಾರ್ಡ್ ರೂಮಿಗೆ ಒಬ್ಬನೇ ಹೋಗುವುದನ್ನು ಬಿಟ್ಟ. ಅಷ್ಟರಲ್ಲಿ ಹೆಸರು ಹಬ್ಬತೊಡಗಿತ್ತು. ಒಬ್ಬರು ಇಟ್ಟರೆಂದು ಇನ್ನೊಬ್ಬರು, ಮೂರು ತಿಂಗಳಲ್ಲಿ ನಾಲ್ಕು ಮಕ್ಕಳು. ಅಪರೂಪದ್ದು ಬೇಕೆಂದು ಎಲ್ಲರೂ ಒಂದನ್ನೇ ಇಡುವುದು ನಮ್ಮ ಜನರ ಜಾಣತನ, ಅದಕ್ಕೆ ಏನು ಹೇಳಲಿ. ಪ್ರತಿ ಸಲ ಓದಿದಾಗಲೂ ಬಾಗಿಲಾಚೆಯ ಸದ್ದು ಒಂದು ಮೊಳ ಹತ್ತಿರ ಬರುತ್ತಿತ್ತು.

ಮೊದಲು ಆ ಹೆಸರಿಟ್ಟ ಮಗುವನ್ನು ನೋಡಿ ಬರಬೇಕೆಂದು ಹೆಸರಕ್ಕನಿಗೆ ಅನ್ನಿಸಿತು. ಒಂದು ಸಂಜೆ ದಿಂಬಿನ ಕವರು ಹೊಲಿಸುವ ನೆಪ ಮಾಡಿಕೊಂಡು ಹೊಲಿಗೆಯವಳ ಅಂಗಡಿಗೆ ಹೋದಳು. ಬಟ್ಟೆ ಚೂರುಗಳ ನಡುವೆ, ಮಡಿಸಿದ ಚಾದರದ ಮೇಲೆ ಮಗು ಮಲಗಿತ್ತು. ಗೋಡೆಗೆ ಒತ್ತಿಕೊಂಡು, ಒಂದು ಅಂಚಿನಲ್ಲಿ.

"ನಡುವೆ ಮಲಗಿಸಿದ್ರೂ ಹಾಗೇ ಸರಿದುಬಿಡ್ತಾನೆ ಅಕ್ಕಾ" ಎಂದಳು ಹೊಲಿಗೆಯವಳು, ಯಂತ್ರದ ಚಕ್ರ ನಿಲ್ಲಿಸಿ. "ಪಕ್ಕದಲ್ಲಿ ಯಾರಿಗೋ ಜಾಗ ಬಿಟ್ಟ ಹಾಗೆ. ಅದಿರ್ಲಿ ಬಿಡಿ. ಹಾಲು ಕುಡೀತಾ ಕುಡೀತಾ ಅರ್ಧಕ್ಕೇ ಎದೆಯಿಂದ ಬಾಯಿ ತೆಗೀತಾನೆ. ಹಸಿವಿರುತ್ತೆ, ಆದ್ರೂ ತೆಗೀತಾನೆ. ಪಕ್ಕಕ್ಕೆ ನೋಡ್ತಾ ಸುಮ್ನಿರ್ತಾನೆ. ಇನ್ನೊಬ್ಬರ ಸರದಿ ಬಂತು ಅನ್ನೋ ಹಾಗೆ. ತೂಕ ಏರ್ತಾನೇ ಇಲ್ಲ. ಡಾಕ್ಟ್ರು ಏನೂ ತೊಂದ್ರೆ ಇಲ್ಲ ಅಂತಾರೆ."

ಹೆಸರಕ್ಕ ಬಟ್ಟೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು. ಹೆಸರು ಬರೆದಿಟ್ಟು ಕರೆಯದೆ ಬಿಟ್ಟ ನಲವತ್ತೊಂದು ಕೂಸುಗಳು, ಯಾರೋ ಕರೆದರೆಂದು ಎದ್ದು ಬಂದಿದ್ದವು. ಒಂದೇ ಹೆಸರಿಗೆ ಎಲ್ಲವೂ ಓಗೊಡುತ್ತಿದ್ದವು. ಪಾಪ, ಅವುಗಳ ತಪ್ಪೇನಿದೆ?

ಆ ವಾರವೇ, ಹೆರಿಗೆಗೆಂದು ತವರಿಗೆ ಬಂದಿದ್ದ ಅವಳ ಮಗಳು ಹೆತ್ತಳು. ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಕಣ್ಣಿಗೆ ಕಂಡದ್ದನ್ನು ಬಿಟ್ಟು ಬೇರೇನೂ ನಂಬದವಳು. ಗಂಡು ಮಗು. ಹೆಸರಕ್ಕನ ಗಂಡ ತೀರಿಕೊಂಡ ಒಂಬತ್ತು ವರ್ಷದ ಮೇಲೆ ಮನೆಯಲ್ಲಿ ಮತ್ತೆ ಒಂದು ಗಂಡು ಜೀವ. ನಾಲ್ಕನೇ ದಿನ ಮಂಚದ ಮೇಲೆ ಕೂತು ನಗುನಗುತ್ತ, "ಅಮ್ಮ, ಹೆಸರು ಸಿಕ್ತು. ಫೋನಲ್ಲಿತ್ತು" ಎಂದು ಆ ಮೂರಕ್ಷರ ಹೇಳಿದಳು.

ಹೆಸರಕ್ಕ ಕೈಯಲ್ಲಿದ್ದ ನೀರಿನ ಲೋಟವನ್ನು ಕೆಳಗಿಟ್ಟಳು.

"ಅದು ಬೇಡ."

"ಯಾಕೆ ಬೇಡ? ಊರಿಗೆಲ್ಲ ಹುಡುಕಿ ಹುಡುಕಿ ಕೊಡ್ತೀಯ, ನನ್ನ ಮಗನ ವಿಷಯಕ್ಕೆ ಬಂದ್ರೆ ಬೇಡ ಅಂತೀಯ. ನಾನು ಆಗ್ಲೇ ಕರೆದೆ. ತಿರುಗಿ ನೋಡ್ತಾನಮ್ಮ, ನಾಲ್ಕು ದಿನದ ಕೂಸು! ಆದ್ರೆ ನನ್ನ ಕಡೆ ಅಲ್ಲ, ಬಾಗಿಲ ಕಡೆ."

ಐದನೇ ದಿನ ಮಗು ಅರ್ಧಕ್ಕೇ ಬಾಯಿ ತೆಗೆಯತೊಡಗಿತು. ಆರನೇ ದಿನ, ಭಾನುವಾರ, ಬೆಳಿಗ್ಗೆಯಿಂದ ಹಾಲೇ ಮುಟ್ಟಲಿಲ್ಲ. ಗೋಡೆಗೆ ಒತ್ತಿಕೊಂಡು, ಕಣ್ಣು ಬಿಟ್ಟುಕೊಂಡು, ಖಾಲಿ ಹಾಸಿಗೆಯನ್ನು ನೋಡುತ್ತಿತ್ತು. ಡಾಕ್ಟರು ಬಂದು ನೋಡಿ, ಎಲ್ಲ ಸರಿಯಾಗಿದೆ, ಸಂಜೆಯವರೆಗೂ ಕುಡಿಯದಿದ್ದರೆ ಕರೆತನ್ನಿ ಎಂದು ಹೋದರು. ಹೆಸರಕ್ಕನಿಗೆ ಆರನೇ ದಿನದ ಸಂಜೆ ಎಂದರೇನೆಂದು ಗೊತ್ತಿತ್ತು. ಇನ್ನು ಮುಚ್ಚಿಟ್ಟುಕೊಳ್ಳುವಂತಿರಲಿಲ್ಲ. ಮಗಳ ಎದುರು ಕೂತು ಎಲ್ಲವನ್ನೂ ಹೇಳಿದಳು, ಗೀಟಿನಿಂದ ಹಿಡಿದು ಹೊಲಿಗೆ ಅಂಗಡಿಯವರೆಗೆ.

ಮಗಳು ಮಗುವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು.

"ನಂಗೊಬ್ಬ ಅಣ್ಣ ಇದ್ನಾ?"

"ಆರು ದಿನ."

"ಇಪ್ಪತ್ತೊಂಬತ್ತು ವರ್ಷ ಬಾಯಿ ಬಿಡಲಿಲ್ಲ ನೀನು! ಅಪ್ಪನೂ ಬಿಡಲಿಲ್ಲ!" ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂತು. ಈ ಮಾತನ್ನೆಲ್ಲ ಅವಳು ನಂಬಿದಳೋ ಇಲ್ಲವೋ, ಅದು ಬೇರೆ. ಹಾಲು ಬಿಟ್ಟ ಮಗುವಿನ ತಾಯಿ ಏನನ್ನಾದರೂ ಮಾಡಿ ನೋಡುತ್ತಾಳೆ. ಕಣ್ಣೊರೆಸಿಕೊಂಡು ಎದ್ದಳು. "ರೆಕಾರ್ಡ್ ರೂಮಿನ ಬೀಗದ ಕೈ ನಿನ್ನ ಹತ್ರಾನೇ ಇದೆ ತಾನೇ? ಒಬ್ಬೊಬ್ಬರಿಗೂ ಅವರವರ ಹೆಸರು ಕೊಟ್ಟುಬಿಡು. ನಿಂಗೆ ಹೆಸರಿಗೇನು ಬರಾನಾ?"

ಹೀಗೆ ತಾಯಿ, ಮಗಳು, ಮಗು ಮೂವರೂ ರಜದ ದಿನದ ಖಾಲಿ ಕಚೇರಿಗೆ ಮೆಟ್ಟಿಲು ಹತ್ತಿ ಹೋದರು. ರೆಕಾರ್ಡ್ ರೂಮಿನ ಎತ್ತರದ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಕಬ್ಬಿಣದ ಕಪಾಟುಗಳ ಮೇಲೆ ಬಿದ್ದಿತ್ತು. ಬೀಗ ತೆಗೆಯುವವರೆಗೆ ಒಳಗೆ ಗುಸುಗುಸು ಇತ್ತು. ಬಾಗಿಲು ತೆರೆದ ಕೂಡಲೇ ನಿಂತಿತು. ತಾವು ಒಳಗೆ ಕಾಲಿಟ್ಟಾಗ ಜಾಗ ಕೊಟ್ಟು ಸರಿದವರಿದ್ದಾರೆ ಎಂದು ಇಬ್ಬರಿಗೂ ಅನ್ನಿಸಿತು.

ಹೆಸರಕ್ಕ ಮರಣದ ಪುಸ್ತಕಗಳನ್ನಿಳಿಸಿ, ರಬ್ಬರು ಮತ್ತು ಶಾಯಿಯ ಪೆನ್ನು ತೆಗೆದುಕೊಂಡು ಕೂತಳು. ಸರಕಾರಿ ಪುಸ್ತಕ ತಿದ್ದುವುದು ಅಪರಾಧ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಮೊದಲನೆಯದು ಗಾರೆ ಕೆಲಸದವನ ಮಗ, ಎರಡು ದಿನ ಬದುಕಿದ್ದು. ಪೆನ್ಸಿಲಿನ ಹೆಸರನ್ನು ಅಳಿಸಿ, ಒಂದು ಗಳಿಗೆ ಯೋಚಿಸಿ, ಬೇರೆ ಹೆಸರು ಬರೆದು, ಗಾರೆಯವನ ಮಗ ಇಂಥವನು ಎಂದು ಮೂರು ಸಲ ಓದಿದಳು. ಮೊದಲೆರಡು ಸಲ ಕಪಾಟಿನ ಸಂದಿಯಿಂದ ಸಣ್ಣಗೆ "ಹೂಂ" ಬಂತು. ಮೂರನೆಯದಕ್ಕೆ ಒಂದು ನಿಟ್ಟುಸಿರು. ಆಮೇಲೆ ಆ ಮೂಲೆಯಲ್ಲಿ ಏನೂ ಇರಲಿಲ್ಲ.

"ಹೋಯ್ತು" ಎಂದಳು ಮಗಳು ಮೆಲ್ಲಗೆ. ಅವಳ ತೋಳಿನ ಮೇಲೆ ರೋಮ ಎದ್ದಿತ್ತು.

ಲಾರಿ ಚಾಲಕನ ಮಗ. ಅಂಚೆಯವನ ಮಗ. ತಂದೆ ಯಾರೆಂದು ಬರೆಸದ ಒಬ್ಬಳ ಮಗ. ಬೇರೆಯವರು ಕೇಳಿದಾಗ ಕೊಡಲು ಮನಸ್ಸಾಗದೆ ಇಟ್ಟುಕೊಂಡಿದ್ದ ಒಳ್ಳೊಳ್ಳೆಯ ಹೆಸರುಗಳನ್ನೆಲ್ಲ ಅವಳು ಅಲ್ಲಿ ಖರ್ಚು ಮಾಡಿದಳು. ಇಪ್ಪತ್ತು ದಾಟುವಷ್ಟರಲ್ಲಿ ಮಗುವಿನ ಮುಚ್ಚಿದ ಮುಷ್ಟಿ ಬಿಚ್ಚಿಕೊಂಡಿತು. ನಲವತ್ತು ಮುಗಿದಾಗ ಬಿಸಿಲು ಗೋಡೆ ಹತ್ತಿತ್ತು, ಅವಳ ಗಂಟಲು ಕಟ್ಟಿತ್ತು. ಕೋಣೆಯಲ್ಲಿ ಒಂದೇ ಒಂದು ಉಸಿರು ಉಳಿದಿತ್ತು. ಅದು ಕೂಸಿನ ಉಸಿರಲ್ಲ. ದೊಡ್ಡವರು ಮೆಟ್ಟಿಲು ಹತ್ತಿ ಬಂದು ನಿಂತಾಗ ಬಿಡುವಂಥ, ಭಾರದ ಉಸಿರು.

ಉಳಿದದ್ದು ಮೊದಲ ಪುಸ್ತಕದ ಆ ಗೀಟು. ಹೆಸರಕ್ಕ ಅದರ ಮುಂದೆ ಕೈ ಕಟ್ಟಿ ಕೂತಳು. ನಲವತ್ತು ಸಲ ಕಿವಿಯಾರೆ ಕೇಳಿದ್ದಳಲ್ಲ, ಮೂರನೇ ಸಲ ಓದಿದರೆ ಅವನೂ ಹೋಗುತ್ತಾನೆ. ಓದದಿದ್ದರೆ ಮಗಳು ಕರೆದಾಗಲೆಲ್ಲ ಅವನೇ ಬರುತ್ತಾನೆ, ಮೊಮ್ಮಗನ ಪಕ್ಕದಲ್ಲಿ ಜಾಗ ಹಿಡಿಯುತ್ತಾನೆ. ಬರಲಿ ಎಂದು ಅವಳಿಗೆ ಆಸೆಯಾಯಿತು. ಆಸೆಯಾಯಿತೆಂದು ತನ್ನ ಮೇಲೆಯೇ ಹೇಸಿಗೆಯೂ ಆಯಿತು.

"ಬೇರೆ ಹೆಸರು ಕೊಡ್ತೀಯಾ?" ಮಗಳು ಕೇಳಿದಳು.

"ನಿನ್ನ ಮಗಂಗೆ ಅದೇ ಬೇಕು ಅಂದೆಯಲ್ಲ."

ಮಗಳು ಮಗುವಿನ ಒಣಗಿದ ತುಟಿಯನ್ನೊಮ್ಮೆ ನೋಡಿದಳು. "ಬೇಡಮ್ಮ. ಅದು ಅಣ್ಣಂದು. ಅಣ್ಣಂಗೇ ಇರ್ಲಿ."

ಅಣ್ಣ ಎಂದು ಅವನನ್ನು ಯಾರಾದರೂ ಕರೆದದ್ದು ಅದೇ ಮೊದಲು. ಹೆಸರಕ್ಕ ಪೆನ್ಸಿಲಿನ ಮೇಲೆ ಶಾಯಿಯಲ್ಲಿ ತಿದ್ದಿದಳು. ತನ್ನ ಹೆಸರು ಹೇಳಿ, ಗಂಡನ ಹೆಸರು ಹೇಳಿ, ಮಗನ ಹೆಸರು ಕರೆದಳು.

"ಹೂಂ ಅಮ್ಮ."

ಗಂಡಸಿನ ದನಿ. ಅವರಪ್ಪನದ್ದೇ ದನಿ, ಬೆಳಿಗ್ಗೆ ಎದ್ದ ಕೂಡಲೇ ಇರುತ್ತಿದ್ದ ಹಾಗೆ ಸ್ವಲ್ಪ ಒರಟು. ಅವಳು ತನ್ನ ಮನಸ್ಸಿನಲ್ಲಿ ವರ್ಷ ವರ್ಷ ಬೆಳೆಸಿಕೊಂಡು ಬಂದ ಮಗ ಅಷ್ಟೇ ದೊಡ್ಡವನಾಗಿದ್ದ. ಮಗಳು ಗೋಡೆಗೆ ಆತುಕೊಂಡು ಕಣ್ಣು ಮುಚ್ಚಿದಳು.

ಎರಡನೇ ಸಲ ಕರೆದಳು.

"ಹೇಳಮ್ಮ."

ಹೇಳಬೇಕಾದದ್ದು ಮೂವತ್ತೆರಡು ವರ್ಷದಷ್ಟಿತ್ತು.

"ಊಟ ಆಯ್ತಾ, ಮಗಾ?" ಎಂದಳು.

"ಆಯ್ತಮ್ಮ."

ಮಗಳ ತೋಳಿನಲ್ಲಿ ಮಗು ಬಾಯಿ ತೆರೆದು, ದನಿಯಿಲ್ಲದೆ ಮುಚ್ಚಿತು. ಹೆಸರಕ್ಕ ಅದನ್ನು ನೋಡಿದಳು. ಬಾಗಿಲ ಕಡೆ ನೋಡಲಿಲ್ಲ. ಪುಸ್ತಕದ ಮೇಲೆ ಕಣ್ಣಿಟ್ಟು, ಗುಮಾಸ್ತೆಯ ದನಿಯಲ್ಲಿ, ಅಕ್ಷರ ಅಕ್ಷರವಾಗಿ ಮೂರನೇ ಸಲ ಓದಿದಳು.

ಹೊರಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಇಳಿಯುವ ಹೆಜ್ಜೆ. ಅವಸರವಿಲ್ಲದ್ದು, ಕೈಯಲ್ಲಿ ಎಳೆ ಮಕ್ಕಳನ್ನು ಎತ್ತಿಕೊಂಡವನು ಕಾಲೂರಿ ಕಾಲೂರಿ ಇಳಿಯುವಂಥದ್ದು.

ಮಗು ಕಿರುಚಿ ಅತ್ತಿತು. ಆರು ದಿನದಲ್ಲಿ ಮೊದಲ ಸಲ ಹಾಗೆ ಅತ್ತದ್ದು. ಮಗಳು ಅಲ್ಲೇ ನೆಲದ ಮೇಲೆ ಕೂತು ಎದೆಗೆ ಹಚ್ಚಿಕೊಂಡಳು. ಅದು ಪಕ್ಕಕ್ಕೂ ನೋಡಲಿಲ್ಲ, ಬಾಯಿಯನ್ನೂ ತೆಗೆಯಲಿಲ್ಲ. ಮಗಳು ಅಳುತ್ತಲೇ ನಗುತ್ತ, "ಇವನಿಗೆ ಊರಲ್ಲಿ ಎಲ್ಲರಿಗೂ ಇರೋ ಹೆಸರೇ ಇಡೋಣಮ್ಮ. ಬಸ್ ಸ್ಟ್ಯಾಂಡಲ್ಲಿ ಕೂಗಿದ್ರೆ ಹತ್ತು ಜನ ತಿರುಗಿ ನೋಡಬೇಕು, ಅಂಥದ್ದು" ಎಂದಳು.

"ಹಾಗೇ ಆಗ್ಲಿ" ಎಂದಳು ಹೆಸರಕ್ಕ. ಮಗು ಕುಡಿದು ನಿದ್ದೆ ಹೋದ ಮೇಲೆ, "ನೀವು ಕೆಳಗೆ ನಡೀರಿ, ನಾನು ಬೀಗ ಹಾಕಿಕೊಂಡು ಬರ್ತೀನಿ" ಎಂದು ಅವರನ್ನು ಕಳಿಸಿದಳು.

ಒಬ್ಬಳೇ ಉಳಿದ ಮೇಲೆ ಬಾಗಿಲನ್ನು ಪೂರ್ತಿ ತೆರೆದು, ಮೆಟ್ಟಿಲ ಕಡೆ ಮುಖ ಮಾಡಿ ನಿಂತು, ಮಗನನ್ನು ಮತ್ತೊಂದು ಸಲ ಕರೆದಳು. ಗಟ್ಟಿಯಾಗಿ ಕರೆದಳು. ಕಿವಿಗೊಟ್ಟು ನಿಂತಳು. ಬಿಸಿಲು ಗೋಡೆಯಿಂದ ಮಾಯವಾಗುವವರೆಗೂ ನಿಂತಿದ್ದಳು. ಯಾರೂ ಓಗೊಡಲಿಲ್ಲ.